ಸ್ಕ್ರಮ್ಮೋ, ಕಾನ್‌ಬಾನೋ, ಎರಡೂ ಸೇರಿಸಿಯೋ? ಬೆಳಗಾವಿಯ ಸಣ್ಣ ಸಾಫ್ಟ್‌ವೇರ್ ತಂಡಗಳಿಗೆ ಒಂದು ಹೋಲಿಕೆ

ಐದಾರು ಜನ, ಹೆಚ್ಚೆಂದರೆ ಹತ್ತು ಜನ ಸೇರಿ ನಡೆಸುವ ಸಾಫ್ಟ್‌ವೇರ್ ತಂಡಗಳು ಬೆಳಗಾವಿಯಲ್ಲಿ ಈಗ ಸಾಕಷ್ಟಿವೆ. ಟಿಳಕವಾಡಿಯಲ್ಲಿ ಮನೆಯ ಮೇಲಿನ ಮಹಡಿ ಬಾಡಿಗೆಗೆ ಹಿಡಿದವರಿದ್ದಾರೆ. ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಸ್ಟಾಕ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರಿದ್ದಾರೆ. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ತೂಕ, ರೈತರ ಬಿಲ್ಲು ನೋಡಿಕೊಳ್ಳುವವರಿದ್ದಾರೆ. ಬೆಂಗಳೂರು, ಪುಣೆಯ ಕಂಪನಿಗೆ ಮನೆಯಿಂದಲೇ ದುಡಿಯುವವರಂತೂ ಗಲ್ಲಿಗೊಬ್ಬರು. ತಂಡ ಸ್ವಲ್ಪ ಬೆಳೆದ ಕೂಡಲೇ ಒಂದು ಮಾತು ಏಳುತ್ತದೆ: "ನಾವೂ ಅಜೈಲ್ ಮಾಡೋಣ್ರಿ ಸರ್." ಯಾವ ಅಜೈಲ್ ಎಂದು ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಅಜೈಲ್ ಎಂಬ ಒಂದು ಪದ್ಧತಿಯೇ ಇಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಕೂತು ಸಾಫ್ಟ್‌ವೇರ್ ಕೆಲಸಕ್ಕೆ ನಾಲ್ಕು ಮೌಲ್ಯಗಳನ್ನು ಬರೆದರು, ಜೊತೆಗಿನ 12 ತತ್ವಗಳು ಆಮೇಲೆ ಪೂರ್ತಿಯಾದವು. ಅದೇ ಅಜೈಲ್ ಪ್ರಣಾಳಿಕೆ. ಬೇಗ ಬೇಗ ಕೆಲಸ ಕೊಡಿ, ಗಿರಾಕಿಯ ಜೊತೆ ದಿನಾ ಮಾತಾಡಿ, ಬದಲಾವಣೆ ಬಂದರೆ ಬೇಸರ ಮಾಡಬೇಡಿ, ಆಗಾಗ ಕೂತು ನಿಮ್ಮ ರೀತಿಯನ್ನು ತಿದ್ದಿಕೊಳ್ಳಿ, ಇಂಥ ಮಾತುಗಳು ಅದರಲ್ಲಿವೆ. ಸ್ಪ್ರಿಂಟ್ (ಕೆಲಸದ ನಿಗದಿತ ಅವಧಿ) ಎಂಬ ಪದ ಅಲ್ಲಿಲ್ಲ. ಬೆಳಿಗ್ಗೆ ನಿಂತು ಮಾತಾಡಿ ಎಂದೂ ಇಲ್ಲ. ಅವೆಲ್ಲ ಬೇರೆ ಬೇರೆ ಪದ್ಧತಿಗಳಿಂದ ಬಂದವು, ಮತ್ತು ಆರಿಸಿಕೊಳ್ಳಬೇಕಾದ್ದು ಆ ಪದ್ಧತಿಗಳ ನಡುವೆ. ಸಣ್ಣ ತಂಡಕ್ಕೆ ಲೆಕ್ಕಕ್ಕೆ ಬರುವಂಥವು ಮೂರು: ಸ್ಕ್ರಮ್ (ನಿಗದಿತ ಅವಧಿಗೆ ಪ್ಲಾನ್ ಹಾಕಿ ಮುಗಿಸುವುದು), ಕಾನ್‌ಬಾನ್ (ಒಮ್ಮೆಗೆ ಹಿಡಿಯುವ ಕೆಲಸಕ್ಕೆ ಮಿತಿ ಹಾಕುವುದು), ಎಕ್ಸ್‌ಪಿ (ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್, ಕೋಡ್ ಬರೆಯುವ ಶಿಸ್ತು). ಜೊತೆಗೆ ಇವುಗಳ ಮಿಶ್ರಣ.

ಮೊದಲು ಕೆಲಸ ಹೇಗೆ ಬರುತ್ತದೆ ನೋಡಿ

ತುಂಬಾ ಜನ ತಂಡದ ಸೈಜ್ ನೋಡಿ ಪದ್ಧತಿ ಆರಿಸುತ್ತಾರೆ. ಇಲ್ಲವೇ ಬೆಂಗಳೂರಿನಿಂದ ವಾಪಸ್ ಬಂದ ಸೀನಿಯರ್ ಅಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ತಂದು ಹಾಕುತ್ತಾರೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಹತ್ತಿರ ಬರುವ ಕೆಲಸ ಎರಡು ವಾರ ಕಾಯುತ್ತದೆಯೇ, ಕಾಯುವುದಿಲ್ಲವೇ?

ಇದನ್ನು ಊಹೆಯ ಮೇಲೆ ಹೇಳಬೇಡಿ. ಕಳೆದ ಎರಡು ತಿಂಗಳ ವಾಟ್ಸಾಪ್ ಗ್ರೂಪು, ಇಮೇಲು ತೆಗೆದು ಕೂತುಕೊಳ್ಳಿ. ಬಂದ ಪ್ರತಿ ಬೇಡಿಕೆಯನ್ನೂ ಒಂದು ಹಾಳೆಗೆ ಇಳಿಸಿ. ಮುಂದೆ "ಕಾಯಬಹುದಿತ್ತು" ಅಥವಾ "ಕಾಯುವಂತಿರಲಿಲ್ಲ" ಎಂದು ಬರೆಯಿರಿ. ಗಿರಾಕಿ ಅರ್ಜೆಂಟ್ ಎಂದದ್ದೆಲ್ಲ ಅರ್ಜೆಂಟ್ ಅಲ್ಲ, ಅದು ನಿಮಗೂ ಗೊತ್ತು. ಕೆಲಸ ತಡವಾಗಿದ್ದರೆ ಅವರ ಕಾರ್ಖಾನೆಯಲ್ಲಿ ಏನಾದರೂ ನಿಲ್ಲುತ್ತಿತ್ತೇ? ನಿಲ್ಲುತ್ತಿದ್ದರೆ ಮಾತ್ರ ಅದು ಕಾಯದ ಕೆಲಸ.

ಬಹುಪಾಲು ಕಾಯುವ ಕೆಲಸವಾದರೆ ಸ್ಕ್ರಮ್ ನಿಮಗೆ ಹೊಂದುತ್ತದೆ. ಬಹುಪಾಲು ಕಾಯದ ಕೆಲಸವಾದರೆ ಕಾನ್‌ಬಾನ್. ಆದರೆ ಹಾಳೆ ನೋಡಿದಾಗ ಇನ್ನೊಂದು ಸಂಗತಿಯೂ ಕಾಣಬಹುದು. ಅರ್ಧದಷ್ಟು ಬೇಡಿಕೆಗಳು ನೀವೇ ಕಳೆದ ತಿಂಗಳು ಕೊಟ್ಟ ಸಾಫ್ಟ್‌ವೇರಿನ ತಪ್ಪುಗಳೇ ಆಗಿರಬಹುದು. ಹಾಗಿದ್ದರೆ ಬೋರ್ಡು (ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು ಹಾಕುವ ಹಲಗೆ), ಮೀಟಿಂಗು ಎರಡೂ ಸದ್ಯಕ್ಕೆ ಬಿಡಿ. ನಿಮಗೆ ಬೇಕಾದದ್ದು ಎಕ್ಸ್‌ಪಿ.

ಸ್ಕ್ರಮ್: ತಾಳ ಸಿಗುತ್ತದೆ, ಆದರೆ "ಆಗೋದಿಲ್ಲ" ಎನ್ನುವವರು ಬೇಕು

ಜೆಫ್ ಸದರ್ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಸ್ಕ್ರಮ್ ಅನ್ನು ಮೊದಲ ಬಾರಿ ಎಲ್ಲರ ಮುಂದಿಟ್ಟದ್ದು 1995ರಲ್ಲಿ, ಅಮೆರಿಕದ ಒಂದು ಸಮ್ಮೇಳನದಲ್ಲಿ. ಅದರ ನಿಯಮಗಳಿರುವ ಸ್ಕ್ರಮ್ ಗೈಡ್ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. 2020ರ ಆವೃತ್ತಿ ಚಿಕ್ಕದು, ಒಂದು ಸಂಜೆಗೆ ಓದಿ ಮುಗಿಸಬಹುದು. ಆದರೂ ಸ್ಕ್ರಮ್ ಮಾಡುತ್ತೇವೆ ಎನ್ನುವವರಲ್ಲಿ ಅದನ್ನು ಓದಿದವರು ಕಡಿಮೆ.

ಮುಖ್ಯ ಸಂಗತಿ ಇಷ್ಟು. ಕೆಲಸವನ್ನು ಒಂದು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಸ್ಪ್ರಿಂಟ್‌ಗಳಾಗಿ ಕತ್ತರಿಸಿಕೊಳ್ಳಬೇಕು. ತಂಡ ಸಾಮಾನ್ಯವಾಗಿ 10 ಜನ ಮೀರಬಾರದು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಒಬ್ಬರೇ ಇರಬೇಕು. ಸ್ಪ್ರಿಂಟಿನ ಕೊನೆಗೆ ನಿಜಕ್ಕೂ ಓಡುವ ಏನಾದರೂ ಕೈಯಲ್ಲಿರಬೇಕು.

ಮೀಟಿಂಗ್‌ಗಳ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಗೈಡ್ ಹೇಳುವಂತೆ ಒಂದು ತಿಂಗಳ ಸ್ಪ್ರಿಂಟ್‌ಗೆ ಪ್ಲಾನಿಂಗ್ ಹೆಚ್ಚೆಂದರೆ 8 ಗಂಟೆ, ರಿವ್ಯೂ (ಆದ ಕೆಲಸವನ್ನು ತೋರಿಸುವುದು) 4 ಗಂಟೆ, ರೆಟ್ರೋ (ಏನು ಸರಿಹೋಯಿತು, ಏನು ಇಲ್ಲ ಎಂದು ನೋಡುವುದು) 3 ಗಂಟೆ. ದಿನದ ಸ್ಕ್ರಮ್ (ದಿನಾ ನಡೆಸುವ ಸಣ್ಣ ಮೀಟಿಂಗ್) 15 ನಿಮಿಷ. ಎರಡು ವಾರದ ಸ್ಪ್ರಿಂಟ್‌ಗೆ ಇವನ್ನು ಅರ್ಧ ಮಾಡಿದರೆ 4, 2, ಒಂದೂವರೆ ಗಂಟೆ, ಮತ್ತು ಹತ್ತು ದಿನದ ಸ್ಕ್ರಮ್‌ಗೆ ಎರಡೂವರೆ ಗಂಟೆ. ಒಟ್ಟು 10 ಗಂಟೆ. ಐದು ಜನರ ತಂಡವಾದರೆ 50 ಗಂಟೆ, ಅಂದರೆ ಒಬ್ಬರ ಒಂದು ವಾರಕ್ಕಿಂತ ಜಾಸ್ತಿ ದುಡಿಮೆ. ಇದು ಮೇಲಿನ ಮಿತಿ, ಅಷ್ಟು ಹಿಡಿಯಲೇಬೇಕು ಎಂದೇನಿಲ್ಲ. ಆದರೆ ಇಬ್ಬರು ಮೂವರ ತಂಡಕ್ಕೆ ಇಷ್ಟು ವಿಧಿವಿಧಾನ ಬೇಕೇ ಎಂದು ಕೇಳಿಕೊಳ್ಳಬೇಕು. ನನ್ನ ಉತ್ತರ: ಬೇಡ. ನಾಲ್ಕು ಜನರಿಂದ ಮೇಲೆ ನೋಡಿ.

ಬೆಳಗಾವಿಯ ತಂಡಗಳಲ್ಲಿ ಸ್ಕ್ರಮ್ ಕೆಡುವುದು ಒಂದೇ ಜಾಗದಲ್ಲಿ. ಮಾಲೀಕರೇ ಪ್ರಾಡಕ್ಟ್ ಓನರ್, ಮಾಲೀಕರೇ ಸೇಲ್ಸ್, ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಕುರ್ಚಿಯಲ್ಲೂ ಅವರೇ. ಸೋಮವಾರ ಪ್ಲಾನಿಂಗ್ ಆಗುತ್ತದೆ. ಬುಧವಾರ ಗಿರಾಕಿಯ ಜೊತೆ ಊಟಕ್ಕೆ ಹೋಗಿ ಬರುತ್ತಾರೆ. "ಇದೊಂದು ಸಣ್ಣ ಕೆಲಸ, ನಡುವ ಹಾಕಿ ಮುಗಿಸ್ರಿ" ಎನ್ನುತ್ತಾರೆ. ಶುಕ್ರವಾರದ ಹೊತ್ತಿಗೆ ಪ್ಲಾನ್ ಗೋಡೆಯ ಮೇಲಿನ ಚಿತ್ರ ಮಾತ್ರ. ಸ್ಕ್ರಮ್ ನಿಯಮದಲ್ಲಿ ಸ್ಪ್ರಿಂಟಿನ ಗುರಿಗೆ ಧಕ್ಕೆ ತರುವ ಬದಲಾವಣೆ ನಡುವೆ ಮಾಡುವಂತಿಲ್ಲ. ಗುರಿಯೇ ಹಳತಾದರೆ ಪ್ರಾಡಕ್ಟ್ ಓನರ್ ಸ್ಪ್ರಿಂಟ್ ರದ್ದು ಮಾಡಬಹುದು. ಆ ಹಕ್ಕು ಅವರೊಬ್ಬರಿಗೇ. ಹಾಗಾಗಿ ಮಾಲೀಕರಿಗೆ ಮುಖ ಕೊಟ್ಟು "ಇದು ಮುಂದಿನ ಸ್ಪ್ರಿಂಟ್‌ಗೆ ಸರ್" ಎನ್ನುವ ಒಬ್ಬರು ತಂಡದಲ್ಲಿ ಇದ್ದಾರೆಯೇ? ಅವರ ಮಾತನ್ನು ಮಾಲೀಕರು ಕೇಳುತ್ತಾರೆಯೇ? ಎರಡಕ್ಕೂ ಹೌದು ಎಂದಾದರೆ ಸ್ಕ್ರಮ್ ಹಿಡಿಯಿರಿ. ಇಲ್ಲವಾದರೆ ಹೆಸರು ಸ್ಕ್ರಮ್, ನಡೆಯುವುದು ಹಳೆಯ ರೀತಿಯೇ, ಜೊತೆಗೆ ಮೀಟಿಂಗ್ ಮಾತ್ರ ಜಾಸ್ತಿ.

ದಿನದ ಸ್ಕ್ರಮ್ ಕೂಡ ಹಾಜರಿ ಹಾಕುವ ಶಾಲೆಯಂತಾಗಿಬಿಡುತ್ತದೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಏನು ಅಡ್ಡಿ ಎಂಬ ಮೂರು ಪ್ರಶ್ನೆ ಎಲ್ಲರಿಗೂ ಬಾಯಿಪಾಠ. 2020ರ ಗೈಡ್ ಆ ಮೂರು ಪ್ರಶ್ನೆಗಳನ್ನೇ ಕೈಬಿಟ್ಟಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಜನರನ್ನು ಒಬ್ಬೊಬ್ಬರನ್ನಾಗಿ ಕೇಳುವ ಬದಲು ಕೆಲಸವನ್ನು ಕೇಳಿ. ಬೋರ್ಡಿನಲ್ಲಿ ಮುಗಿಯಲು ಹತ್ತಿರ ಇರುವ ಕಾರ್ಡಿನಿಂದ ಶುರು ಮಾಡಿ, ಇದು ಇವತ್ತು ಮುಗಿಯಲು ಏನು ಬೇಕು ಎಂದು ಮಾತಾಡಿ. ಐದು ನಿಮಿಷದಲ್ಲಿ ಮುಗಿದರೆ ಐದೇ ನಿಮಿಷ.

ಸ್ಪ್ರಿಂಟ್ ಎಷ್ಟು ದಿನದ್ದಿರಲಿ? ಎರಡು ವಾರ ಸಾಕು. ಯಾವ ದಿನ ಶುರು ಎಂಬುದು ಇಲ್ಲಿ ಮುಖ್ಯ. ಗೋಕಾಕ, ಅಥಣಿ, ಚಿಕ್ಕೋಡಿ ಕಡೆಯ ಹುಡುಗರು ಶನಿವಾರ ಊರಿಗೆ ಹೋದರೆ ಸೋಮವಾರ ಮಧ್ಯಾಹ್ನ ಮುಖ ತೋರಿಸುತ್ತಾರೆ. ಹಾಗಾಗಿ ಬುಧವಾರ ಪ್ಲಾನಿಂಗ್, ಎರಡು ವಾರ ಬಿಟ್ಟು ಮಂಗಳವಾರ ರಿವ್ಯೂ ಇಟ್ಟುಕೊಳ್ಳುವುದು ಒಳ್ಳೆಯದು. ಗಣೇಶ ಹಬ್ಬದ ಸ್ಪ್ರಿಂಟ್‌ಗೆ ಅರ್ಧ ಕೆಲಸ ಮಾತ್ರ ತೆಗೆದುಕೊಳ್ಳಿ. ಬೆಳಗಾವಿಯ ವಿಸರ್ಜನೆ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ಅವತ್ತು ಡೆಪ್ಲಾಯ್ ಮಾಡುತ್ತೇವೆ (ಹೊಸ ಸಾಫ್ಟ್‌ವೇರ್ ಚಾಲೂ ಮಾಡಿ ಕೊಡುತ್ತೇವೆ) ಎಂದು ಗಿರಾಕಿಗೆ ಮಾತು ಕೊಡುವುದು ಬೇಡ. ನವೆಂಬರ್ 1ರಂದು ಚನ್ನಮ್ಮ ವೃತ್ತದ ಕಡೆ ಗಾಡಿ ಹೋಗುವುದೇ ಕಷ್ಟ, ಡೆಮೊ ಇಡುವ ಮಾತು ದೂರ ಉಳಿಯಿತು.

ಕಾನ್‌ಬಾನ್: ಕಡಿಮೆ ಹಿಡಿದರೆ ಬೇಗ ಮುಗಿಯುತ್ತದೆ

ಕಾನ್‌ಬಾನ್‌ನ ಬೇರು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿದೆ. ಸಾಫ್ಟ್‌ವೇರಿಗೆ ಅದನ್ನು ತಂದವರು ಡೇವಿಡ್ ಆಂಡರ್ಸನ್. ನಮ್ಮವರಿಗೆ ಇದರಲ್ಲಿ ಒಂದು ಖುಷಿಯ ಸಂಗತಿಯಿದೆ. ಅವರು 2004ರ ಸುಮಾರಿಗೆ ಮೊದಲು ಇದನ್ನು ಪ್ರಯೋಗಿಸಿದ್ದು ಮೈಕ್ರೋಸಾಫ್ಟ್‌ನ ಒಂದು ನಿರ್ವಹಣಾ ತಂಡದ ಮೇಲೆ, ಆ ತಂಡ ಕೂತಿದ್ದದ್ದು ಹೈದರಾಬಾದಿನಲ್ಲಿ. ಹೊಸ ಬೇಡಿಕೆ ಬಂದಾಗಲೆಲ್ಲ ಎಷ್ಟು ದಿನ ಹಿಡಿಯುತ್ತದೆ ಎಂದು ಅಂದಾಜು ಹಾಕುವುದರಲ್ಲೇ ಆ ತಂಡದ ದೊಡ್ಡ ಪಾಲು ಸಮಯ ಹೋಗುತ್ತಿತ್ತು. ಅಂದಾಜು ಹಾಕುವುದನ್ನು ನಿಲ್ಲಿಸಿದರು. ಒಮ್ಮೆಗೆ ಕೈಯಲ್ಲಿ ಹಿಡಿಯುವ ಕೆಲಸಕ್ಕೆ ಮಿತಿ ಹಾಕಿದರು. ತಿಂಗಳುಗಟ್ಟಲೆ ಕಾಯುತ್ತಿದ್ದ ಕೆಲಸಗಳು ವಾರಗಳಲ್ಲಿ ಮುಗಿಯತೊಡಗಿದವು. ಹೊಸ ಜನರನ್ನು ಸೇರಿಸಿ ಶುರು ಮಾಡಿದ್ದಲ್ಲ ಇದು.

ಇಲ್ಲಿ ಸ್ಪ್ರಿಂಟ್ ಇಲ್ಲ, ಹೊಸ ಹುದ್ದೆಗಳಿಲ್ಲ. ಈಗ ಹೇಗೆ ಕೆಲಸ ನಡೆಯುತ್ತಿದೆಯೋ ಅದನ್ನೇ ಬೋರ್ಡಿನ ಮೇಲೆ ಬರೆಯುವುದು ಮೊದಲ ಹೆಜ್ಜೆ. "ಮಾಡಬೇಕು, ಮಾಡುತ್ತಿದ್ದೇವೆ, ಟೆಸ್ಟಿಂಗ್, ಗಿರಾಕಿ ನೋಡಬೇಕು, ಮುಗಿಯಿತು" ಎಂಬ ಐದು ಕಾಲಂ ಸಾಕು. ಎರಡನೇ ಹೆಜ್ಜೆ ಮಿತಿ. "ಮಾಡುತ್ತಿದ್ದೇವೆ" ಕಾಲಂನಲ್ಲಿ ನಾಲ್ಕೇ ಕಾರ್ಡು ಎಂದು ಬರೆದರೆ ಐದನೆಯದು ಒಳಗೆ ಬರುವಂತಿಲ್ಲ. ಒಂದು ಮುಗಿಸಿ, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳಿ.

ಇದೇಕೆ ಕೆಲಸ ಮಾಡುತ್ತದೆ? ಜಾನ್ ಲಿಟ್ಲ್ ಎಂಬುವರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಸೂತ್ರವಿದೆ. ಒಂದು ಕೆಲಸಕ್ಕೆ ಸರಾಸರಿ ಹಿಡಿಯುವ ಸಮಯ ಬೇಕೆಂದರೆ, ಕೈಯಲ್ಲಿರುವ ಕೆಲಸಗಳನ್ನು ವಾರಕ್ಕೆ ಮುಗಿಯುವ ಕೆಲಸಗಳಿಂದ ಭಾಗಿಸಿ. ನಿಮ್ಮ ಕೈಯಲ್ಲಿ 12 ಕೆಲಸ ಇವೆ, ವಾರಕ್ಕೆ 3 ಮುಗಿಯುತ್ತವೆ ಎಂದಾದರೆ ಹೊಸದಾಗಿ ಹಿಡಿದದ್ದಕ್ಕೆ ನಾಲ್ಕು ವಾರ ಬೇಕು. ಅದೇ ವೇಗದಲ್ಲಿ ಕೈಯಲ್ಲಿ 6 ಮಾತ್ರ ಇಟ್ಟುಕೊಂಡರೆ ಎರಡೇ ವಾರ. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಯಾರ್ಡ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೂ ಐವತ್ತು ಟ್ರ್ಯಾಕ್ಟರ್ ಒಳಗೆ ಬಿಟ್ಟರೆ ಗಿರಣಿ ಜಾಸ್ತಿ ಕಬ್ಬು ನುರಿಸುವುದಿಲ್ಲ. ಸಾಲು ಉದ್ದವಾಗುತ್ತದೆ, ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ, ಅಷ್ಟೇ. ಕಾರ್ಖಾನೆಯವರು ಕಟಾವಿಗೆ ಸರದಿ ಪ್ರಕಾರ ಚೀಟಿ ಕೊಡುವುದು ಇದಕ್ಕೇ ಅಲ್ವಾ?

ಕಾನ್‌ಬಾನ್‌ನ ದೋಷವೂ ಹೇಳಬೇಕು. ಅದು ಯಾರನ್ನೂ ತಿವಿಯುವುದಿಲ್ಲ. ಎರಡು ವಾರಕ್ಕೊಮ್ಮೆ ತೋರಿಸಲೇಬೇಕು ಎಂಬ ಒತ್ತಡ ಇಲ್ಲವಾದ್ದರಿಂದ ದೊಡ್ಡ ಕೆಲಸಗಳು ಹಿಂದೆ ಬೀಳುತ್ತವೆ, ದಿನವೂ ಬರುವ ಸಣ್ಣ ಕೆಲಸಗಳೇ ಬೋರ್ಡು ತುಂಬುತ್ತವೆ. ವರ್ಷ ಕಳೆದರೂ ಹೊಸ ಪ್ರಾಡಕ್ಟ್ ಹೊರಬರುವುದಿಲ್ಲ. ಇನ್ನೊಂದು, ಮಿತಿ ಹಾಕದೆ ಬರೀ ಬೋರ್ಡು ಇಟ್ಟು ಕಾನ್‌ಬಾನ್ ಎನ್ನುವವರೇ ಜಾಸ್ತಿ. ಮಿತಿ ಇಲ್ಲದ ಬೋರ್ಡು ಸುಮ್ನೆ ಪಟ್ಟಿ. ಅರ್ಜೆಂಟ್ ಕೆಲಸಕ್ಕೆ ಬೇರೆ ಸಾಲು ಬೇಕಾದರೆ ಇಡಿ, ಆದರೆ ಆ ಸಾಲಿನಲ್ಲಿ ಒಂದೇ ಕಾರ್ಡು ಇರಬೇಕು. ಎರಡನೇ ಅರ್ಜೆಂಟ್ ಬಂದರೆ ಯಾವುದು ಜಾಸ್ತಿ ಅರ್ಜೆಂಟ್ ಎಂದು ಮಾಲೀಕರೇ ಹೇಳಲಿ.

ಎಕ್ಸ್‌ಪಿ: ಬೇಸರದ, ಆದರೆ ಬಿಡಬಾರದ ಕೆಲಸ

ಸ್ಕ್ರಮ್ ಆಗಲಿ ಕಾನ್‌ಬಾನ್ ಆಗಲಿ ಕೋಡ್ ಹೇಗೆ ಬರೆಯಬೇಕು ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್. ಕೆಂಟ್ ಬೆಕ್ 1996ರಲ್ಲಿ ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಯ ಸಂಬಳ ಲೆಕ್ಕದ ಪ್ರಾಜೆಕ್ಟಿಗೆ ಬಂದಾಗ ಇದು ರೂಪ ಪಡೆಯಿತು. ಆ ಪ್ರಾಜೆಕ್ಟನ್ನು 2000ದಲ್ಲಿ ಕಂಪನಿ ನಿಲ್ಲಿಸಿತು. ಪದ್ಧತಿ ಮಾತ್ರ ಉಳಿಯಿತು. ಕೋಡಿಗೆ ಮೊದಲು ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಇನ್ನೊಂದು ಕೋಡ್) ಬರೆಯುವುದು, ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂತು ಬರೆಯುವುದು, ಎಲ್ಲರ ಕೋಡನ್ನೂ ದಿನಕ್ಕೆ ಹಲವು ಸಲ ಒಟ್ಟಿಗೆ ಸೇರಿಸಿ ಪರೀಕ್ಷಿಸುವುದು, ಸಣ್ಣ ಸಣ್ಣ ರಿಲೀಸ್ ಕೊಡುವುದು, ಇವು ಅದರ ಮುಖ್ಯ ಅಂಗಗಳು.

ಬೆಳಗಾವಿಗೆ ಇದು ಯಾಕೆ ಬೇಕು ಎಂದರೆ ಕಾರಣ ಒಂದೇ: ಜನ ಬಿಟ್ಟು ಹೋಗುತ್ತಾರೆ. ವಿಟಿಯು ಕೇಂದ್ರ ಕಚೇರಿ ಇಲ್ಲೇ ಇದೆ. ಗೋಗಟೆ, ಕೆಎಲ್‌ಇ ಕಾಲೇಜುಗಳಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ಹೊರಬರುತ್ತಾರೆ. ಹೊಸಬರು ಸಿಗುವುದು ಕಷ್ಟವಲ್ಲ, ಎರಡು ವರ್ಷ ಪಳಗಿದವರನ್ನು ಉಳಿಸಿಕೊಳ್ಳುವುದು ಕಷ್ಟ. ಪುಣೆ, ಬೆಂಗಳೂರಿನ ಸಂಬಳದ ಮುಂದೆ ನಾವು ನಿಲ್ಲುವುದಿಲ್ಲ. ಕಬ್ಬಿನ ಬಿಲ್ಲಿನಲ್ಲಿ ಕಟಾವು, ಸಾಗಾಣಿಕೆ, ಮುಂಗಡ ಎಲ್ಲ ಹೇಗೆ ಕಳೆಯುತ್ತದೆ ಎಂದು ಒಬ್ಬರಿಗೇ ಗೊತ್ತಿದ್ದು, ಅವರು ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರೆ? ಕಾರ್ಖಾನೆ ಶುರುವಾಗುವ ಹೊತ್ತು ಅದು.

ಇಡೀ ದಿನ ಜೋಡಿಯಾಗಿ ಕೂರಿಸಿ ಎಂದು ಹೇಳುತ್ತಿಲ್ಲ. ಅಷ್ಟು ಮಾಡಿದರೆ ಮಾಲೀಕರು "ಒಂದು ಕೆಲಸಕ್ಕೆ ಎರಡು ಸಂಬಳ" ಎಂದು ಲೆಕ್ಕ ತೆಗೆಯುತ್ತಾರೆ. ದಿನಕ್ಕೆ ಎರಡು ಗಂಟೆ, ಅದೂ ಹಣ ಮತ್ತು ತೂಕ ಮುಟ್ಟುವ ಕೋಡಿಗೆ ಮಾತ್ರ ಜೋಡಿ ಕೆಲಸ ಇಟ್ಟರೆ ಸಾಕು. ಕೀಬೋರ್ಡು ಹೊಸಬರ ಕೈಯಲ್ಲಿರಲಿ. ಸೀನಿಯರ್ ಕೈಗೆ ಕೊಟ್ಟರೆ ಹೊಸಬರು ಪಕ್ಕದಲ್ಲಿ ಕೂತು ಫೋನ್ ನೋಡುತ್ತಾರೆ.

ಟೆಸ್ಟ್ ವಿಷಯಕ್ಕೂ ಅದೇ ಮಾತು. ಎಲ್ಲ ಸ್ಕ್ರೀನಿಗೂ ಟೆಸ್ಟ್ ಬರೆಯಲು ಹೊರಟರೆ ಒಂದು ತಿಂಗಳಲ್ಲಿ ಕೈಬಿಡುತ್ತೀರಿ. ಜಿಎಸ್‌ಟಿ ಲೆಕ್ಕ, ಬಿಲ್ಲಿನ ಮೊತ್ತ, ತೂಕದ ಕಾಟಾದಿಂದ ಬರುವ ಸಂಖ್ಯೆ, ಇವಕ್ಕೆ ಮೊದಲು ಬರೆಯಿರಿ. ಒಂದು ತಪ್ಪು ಹೊರಗೆ ಹೋಗಿ ಗಿರಾಕಿಯಿಂದ ಫೋನ್ ಬಂದರೆ, ಸರಿಪಡಿಸುವ ಮೊದಲು ಆ ತಪ್ಪನ್ನು ಹಿಡಿಯುವ ಟೆಸ್ಟ್ ಬರೆಯುವುದು ನಿಯಮವಾಗಲಿ. ಆರು ತಿಂಗಳಲ್ಲಿ ಎಲ್ಲಿ ಬೇಕೋ ಅಲ್ಲಿ ಟೆಸ್ಟ್‌ಗಳು ತಾವಾಗಿಯೇ ಸೇರಿರುತ್ತವೆ.

ಮಿಶ್ರಣ: ಹಂಗಾಮು ನೋಡಿ ಬದಲಿಸಿ

ಶುದ್ಧ ಸ್ಕ್ರಮ್, ಶುದ್ಧ ಕಾನ್‌ಬಾನ್ ಎಂದು ಜಗಳಾಡುವುದು ದೊಡ್ಡ ಕಂಪನಿಗಳ ಕನ್ಸಲ್ಟೆಂಟ್‌ಗಳಿಗೆ ಇರಲಿ. ಸಕ್ಕರೆ ಕಾರ್ಖಾನೆಗೆ ಸಾಫ್ಟ್‌ವೇರ್ ಕೊಡುವ ತಂಡವನ್ನೇ ತೆಗೆದುಕೊಳ್ಳಿ. ಅಕ್ಟೋಬರ್, ನವೆಂಬರಿನಲ್ಲಿ ಕಬ್ಬು ನುರಿಸುವುದು ಶುರುವಾದರೆ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಆ ತಿಂಗಳುಗಳಲ್ಲಿ ರಾತ್ರಿ ಎರಡಕ್ಕೂ ಫೋನ್ ಬರುತ್ತದೆ: "ಕಾಟಾ ಸ್ಲಿಪ್ ಬರವಲ್ದುರಿ, ಹೊರಗ ಗಾಡಿ ನಿಂತಾವು." ಅಂಥ ಕೆಲಸಕ್ಕೆ ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ ಎಂದು ಹೇಳುವ ಧೈರ್ಯ ಯಾರಿಗಿದೆ? ಹಂಗಾಮಿನಲ್ಲಿ ಕಾನ್‌ಬಾನ್ ನಡೆಸಿ. ಹಂಗಾಮು ಮುಗಿದ ಮೇಲೆ ಕಾರ್ಖಾನೆಯವರೂ ಯಂತ್ರಗಳ ರಿಪೇರಿಗೆ ಇಳಿಯುತ್ತಾರೆ. ನೀವು ಎರಡು ವಾರದ ಸ್ಪ್ರಿಂಟ್‌ಗಳಲ್ಲಿ ಮುಂದಿನ ವರ್ಷದ ಹೊಸ ಭಾಗಗಳನ್ನು ಬರೆಯಿರಿ. ಕೇನ್ (ಕಬ್ಬಿನ) ಆಫೀಸಿನವರಿಗೆ ಡೆಮೊ ನೋಡಲು ಪುರಸೊತ್ತು ಸಿಗುವುದೂ ಆಗಲೇ.

ಫೌಂಡ್ರಿ, ಹೈಡ್ರಾಲಿಕ್ಸ್ ಕಾರ್ಖಾನೆಗಳ ಕೆಲಸಕ್ಕೆ ಇಷ್ಟು ಸ್ಪಷ್ಟ ಹಂಗಾಮು ಇಲ್ಲ. ಅಲ್ಲಿ ಸಪೋರ್ಟ್ ಮತ್ತು ಹೊಸ ಕೆಲಸ ಎರಡೂ ಒಟ್ಟಿಗೆ ಓಡುತ್ತವೆ. ಅವರಿಗೆ ಇನ್ನೊಂದು ದಾರಿ ಇದೆ. ವಾರಕ್ಕೊಬ್ಬರು ಸರದಿಯ ಮೇಲೆ ಸಪೋರ್ಟ್ ನೋಡಲಿ. ಆ ವಾರ ಅವರು ಸ್ಪ್ರಿಂಟ್ ಲೆಕ್ಕದಲ್ಲಿ ಇಲ್ಲ. ಎಲ್ಲ ಫೋನೂ ಅವರಿಗೇ ಹೋಗಬೇಕು, ಉಳಿದವರು ತಲೆ ಎತ್ತದೆ ಹೊಸ ಕೆಲಸ ಮಾಡಬೇಕು. ಒಬ್ಬರನ್ನೇ ಕಾಯಂ ಸಪೋರ್ಟಿಗೆ ಹಾಕಬೇಡಿ. ಅವರೇ ಮೊದಲು ಬಿಟ್ಟು ಹೋಗುವವರು.

ಮಾತು, ಮೌನ ಮತ್ತು "ಎಲ್ಲ ಚೊಲೋ ಐತ್ರಿ"

ಪದ್ಧತಿ ಯಾವುದೇ ಆರಿಸಿ, ತಂಡ ಮಾತಾಡದಿದ್ದರೆ ಅದು ನಿಲ್ಲುವುದಿಲ್ಲ. ಇಲ್ಲಿಯೂ ಆಯ್ಕೆಗಳಿವೆ, ಮತ್ತು ಇವನ್ನು ಯಾವ ಗೈಡೂ ಹೇಳುವುದಿಲ್ಲ.

ಮೊದಲನೆಯದು ಭಾಷೆ. ದಿನದ ಮೀಟಿಂಗ್ ಇಂಗ್ಲಿಷಿನಲ್ಲೇ ಇರಬೇಕು ಎಂಬ ನಿಯಮ ಕೆಲವು ಕಡೆ ಇದೆ. ಹುಡುಗರು ಇಂಟರ್‌ವ್ಯೂಗೆ ತಯಾರಾಗುತ್ತಾರೆ ಎಂಬುದು ಕಾರಣ. ಒಳ್ಳೆಯ ಉದ್ದೇಶವೇ. ಆದರೆ ಫಲ ಏನಾಗುತ್ತದೆ ನೋಡಿ. ಕೋಡು ಎರಡು ದಿನದಿಂದ ಸಿಕ್ಕಿಬಿದ್ದಿದೆ ಎಂದು ವಿವರವಾಗಿ ಹೇಳಲು ಹೊಸಬರಿಗೆ ಇಂಗ್ಲಿಷ್ ಓಡುವುದಿಲ್ಲ. "ವರ್ಕಿಂಗ್ ಆನ್ ಇಟ್ ಸರ್" ಎಂದು ಮುಗಿಸುತ್ತಾರೆ. ಅದೇ ಹುಡುಗ ಮಧ್ಯಾಹ್ನ ಚಹಾದಂಗಡಿಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ, ನಡುವೆ ಹಿಂದಿ ಹಾಕಿ ಸಮಸ್ಯೆಯ ಬೇರಿನವರೆಗೆ ವಿವರಿಸುತ್ತಾನೆ. ಬೆಳಗಾವಿಯ ಮಾತೇ ಹಾಗೆ. ಮೀಟಿಂಗಿನಲ್ಲೂ ಹಾಗೇ ಬಿಡಿ. ಟಿಕೆಟ್ (ಕೆಲಸದ ಬೇಡಿಕೆಯ ಬರಹ), ಕೋಡಿನ ಟಿಪ್ಪಣಿ ಇಂಗ್ಲಿಷಿನಲ್ಲಿರಲಿ, ಅಷ್ಟು ಸಾಕು. ಇಂಗ್ಲಿಷ್ ಅಭ್ಯಾಸಕ್ಕೆ ಗಿರಾಕಿಯ ಡೆಮೊ ಇದ್ದೇ ಇದೆ.

ಎರಡನೆಯದು ರೆಟ್ರೋ. ಏನು ಸರಿ ಹೋಗಲಿಲ್ಲ ಎಂದು ಕೇಳಿದರೆ ನಮ್ಮ ಹುಡುಗರ ಉತ್ತರ ಗೊತ್ತಲ್ಲ: "ಎಲ್ಲ ಚೊಲೋ ಐತ್ರಿ ಸರ್." ಮಾಲೀಕರ ಮುಂದೆ, ಸೀನಿಯರ್ ಮುಂದೆ ದೂರು ಹೇಳುವುದು ನಮ್ಮಲ್ಲಿ ಬೆಳೆದು ಬಂದದ್ದಲ್ಲ. ಇದಕ್ಕೆ ಮೂರು ರೀತಿ ಪ್ರಯತ್ನಿಸುವವರಿದ್ದಾರೆ. ಬಾಯಿ ಬಿಟ್ಟು ಹೇಳಿಸುವುದು ಮೊದಲನೆಯದು, ಅದು ಹಳಬರ ತಂಡದಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್ ಫಾರ್ಮ್ ತುಂಬಿಸುವುದು ಎರಡನೆಯದು, ಅದಕ್ಕೆ ಒಂದೇ ಸಾಲಿನ ಉತ್ತರ ಬರುತ್ತದೆ. ನನಗೆ ಒಪ್ಪಿಗೆಯಾದದ್ದು ಚೀಟಿ. ಎಲ್ಲರೂ ಹೆಸರು ಹಾಕದೆ ಎರಡೆರಡು ಚೀಟಿ ಬರೆದು ಡಬ್ಬಿಗೆ ಹಾಕಲಿ, ಒಬ್ಬರು ಓದಲಿ, ಮೊದಲ ಅರ್ಧ ಗಂಟೆ ಮಾಲೀಕರು ಹೊರಗಿರಲಿ. ಕೊನೆಗೆ ಒಂದೇ ಒಂದು ಬದಲಾವಣೆ ಆರಿಸಿ ಮುಂದಿನ ಸ್ಪ್ರಿಂಟ್‌ನಲ್ಲಿ ಮಾಡಿ ತೋರಿಸಿ. ಹೇಳಿದ್ದು ಆಗುತ್ತದೆ ಎಂದು ಕಂಡರೆ ಮುಂದಿನ ಸಲ ಬಾಯಿ ತಾನೇ ಬಿಚ್ಚುತ್ತದೆ.

ಬೋರ್ಡು ಗೋಡೆಯದೋ, ಜಿರಾದಂಥ ಆನ್‌ಲೈನ್ ಬೋರ್ಡೋ? ಎಲ್ಲರೂ ಒಂದೇ ಕೋಣೆಯಲ್ಲಿದ್ದರೆ ಗೋಡೆ. ಒಬ್ಬರು ಹೊರಗಿದ್ದರೂ ಆನ್‌ಲೈನ್. ಎರಡನ್ನೂ ಇಟ್ಟರೆ ಎರಡೂ ಸುಳ್ಳು ಹೇಳುತ್ತವೆ. ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ಕೊಡುವ ಅಂಕ) ಹಾಕಬೇಕೋ, ಕಾರ್ಡು ಎಣಿಸಬೇಕೋ? ಸಣ್ಣ ತಂಡಕ್ಕೆ ಕಾರ್ಡು ಎಣಿಸುವುದೇ ಸಾಕು, ಎರಡು ಮೂರು ದಿನಕ್ಕಿಂತ ದೊಡ್ಡ ಕಾರ್ಡು ಒಡೆಯುತ್ತಿದ್ದರೆ. ಪಾಯಿಂಟ್‌ಗಳನ್ನು ಸಂಬಳ ಏರಿಕೆಗೆ ಜೋಡಿಸಿದ ಕಂಪನಿಯೊಂದನ್ನು ಹತ್ತಿರದಿಂದ ನೋಡಿದ್ದೇನೆ. ಮೂರು ಪಾಯಿಂಟಿನ ಕೆಲಸ ಅಲ್ಲಿ ಕೆಲವೇ ತಿಂಗಳಲ್ಲಿ ಎಂಟಾಯಿತು.

ಗಿರಾಕಿ ದೂರ ಇದ್ದರೆ

ಅಮೆರಿಕದ ಪಶ್ಚಿಮ ಕರಾವಳಿಯ ಗಿರಾಕಿ ಚಳಿಗಾಲದಲ್ಲಿ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ. ಜರ್ಮನಿಯವರು ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಯುರೋಪಿನವರ ಜೊತೆ ಸ್ಕ್ರಮ್ ಆರಾಮಾಗಿ ನಡೆಯುತ್ತದೆ, ಮಧ್ಯಾಹ್ನ ಕರೆ ಮಾಡಬಹುದು. ಅಮೆರಿಕದವರ ಜೊತೆ ದಿನವೂ ರಾತ್ರಿ ಒಂಬತ್ತರ ಕರೆಗೆ ತಂಡವನ್ನು ಕೂರಿಸಬೇಡಿ. ದಿನದ ಮಾತು ನಮ್ಮೊಳಗೆ ಬೆಳಿಗ್ಗೆ ಮುಗಿಯಲಿ, ಒಬ್ಬರು ಅದರ ಸಾರ ಬರೆದು ಕಳಿಸಲಿ. ವಾರಕ್ಕೆ ಎರಡು ಕರೆ ಸಾಕು. ಪ್ರಾಡಕ್ಟ್ ಓನರ್ ಅಲ್ಲೇ ಇದ್ದರೆ ಪ್ರಶ್ನೆಗೆ ಉತ್ತರ ಬರಲು ಒಂದು ದಿನ ಹೋಗುತ್ತದೆ. ಹಾಗಾಗಿ ಸಣ್ಣ ತೀರ್ಮಾನಗಳನ್ನು ತೆಗೆದುಕೊಳ್ಳುವ ಅಧಿಕಾರ ಇಲ್ಲಿ ಒಬ್ಬರಿಗೆ ಇದೆ ಎಂದು ಮೊದಲೇ ಬರೆದುಕೊಳ್ಳಿ.

ಹಣದ ಮಾತು: ಒಂದೇ ಗಂಟೋ, ತಿಂಗಳ ಲೆಕ್ಕವೋ

ಪದ್ಧತಿ ಆರಿಸುವಾಗ ಜನ ಮರೆಯುವುದು ಕರಾರನ್ನು. ಇಲ್ಲಿನ ಕಾರ್ಖಾನೆ ಮಾಲೀಕರು ಕೇಳುವುದು ಒಂದೇ: "ಒಟ್ಟು ಎಷ್ಟಾಗತೈತಿ ಹೇಳ್ರಿ." ಒಂದೇ ಗಂಟಿನ ದರ ಹೇಳಿ, ಮಾಡಬೇಕಾದ್ದೆಲ್ಲ ಪಟ್ಟಿ ಮಾಡಿ ಸಹಿ ಹಾಕಿದ ಮೇಲೆ ಅಜೈಲ್ ನಡೆಸುವುದು ಕಷ್ಟ. ಪ್ರತಿ ರಿವ್ಯೂನಲ್ಲಿ ಗಿರಾಕಿ ಹೊಸದು ಕೇಳುತ್ತಾರೆ, ಹಳೆಯದನ್ನು ಬಿಡುವುದಿಲ್ಲ. ನಿಮ್ಮ ಲಾಭ ಕರಗುತ್ತದೆ.

ತಿಂಗಳ ಲೆಕ್ಕದಲ್ಲಿ ಹಣ ಪಡೆಯುವುದು ತಂಡಕ್ಕೆ ಚೆನ್ನ. ಆದರೆ ಮೊದಲ ಸಲದ ಗಿರಾಕಿ ಒಪ್ಪುವುದು ಅಪರೂಪ, ಅದರಲ್ಲಿ ಅವರ ತಪ್ಪೂ ಇಲ್ಲ. ಕೊನೆಗೆ ಎಷ್ಟಾಗುತ್ತದೆ ಎಂದು ತಿಳಿಯದೆ ಯಾರು ದುಡ್ಡು ಬಿಚ್ಚುತ್ತಾರೆ? ನಡುವಿನ ದಾರಿ ಒಂದಿದೆ. ಹಣ ಮತ್ತು ಅವಧಿ ಎರಡನ್ನೂ ಗಟ್ಟಿ ಮಾಡಿ, ಕೆಲಸದ ಪಟ್ಟಿಯ ಕ್ರಮವನ್ನು ಮಾತ್ರ ಸಡಿಲ ಬಿಡಿ. ಉದಾಹರಣೆಗೆ ಮೂರು ತಿಂಗಳು, ನಾಲ್ಕು ಲಕ್ಷ. ಮೊದಲ ತಿಂಗಳಲ್ಲಿ ಸ್ಟಾಕ್ ಎಂಟ್ರಿ ಓಡಲೇಬೇಕು. ಆಮೇಲಿನದ್ದರಲ್ಲಿ ಹೊಸದೊಂದು ಒಳಗೆ ಬಂದರೆ ಅಷ್ಟೇ ದೊಡ್ಡದು ಇನ್ನೊಂದು ಹೊರಗೆ ಹೋಗಬೇಕು. ಇದನ್ನು ಕರಾರಿನಲ್ಲಿ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಮೊದಲ ರಿವ್ಯೂನಲ್ಲಿ ತಮ್ಮ ಗೋದಾಮಿನ ನಿಜವಾದ ಸ್ಟಾಕ್ ಸ್ಕ್ರೀನಿನ ಮೇಲೆ ನೋಡಿದ ಮೇಲೆ ಗಿರಾಕಿಯ ಧಾಟಿ ಬದಲಾಗುತ್ತದೆ.

ಕೆಲಸ ತಡವಾಯಿತು ಎಂದು ಕೊನೆಯ ತಿಂಗಳಲ್ಲಿ ಮೂವರು ಹೊಸಬರನ್ನು ತಂದು ಹಾಕುವುದು ಹಳೆಯ ಚಾಳಿ. ಐಬಿಎಂನಲ್ಲಿ ದೊಡ್ಡ ಪ್ರಾಜೆಕ್ಟ್ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದರ ಬಗ್ಗೆ ಎಚ್ಚರಿಸಿದ್ದರು: ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಐದು ಜನರ ನಡುವೆ ಮಾತಿನ ದಾರಿಗಳು 10. ಎಂಟು ಜನರಾದರೆ 28. ಹೊಸಬರಿಗೆ ಕಲಿಸುವವರು ಕೆಲಸ ಬಲ್ಲ ಹಳಬರೇ ಅಲ್ವಾ?

ಪರೀಕ್ಷೆಗೆ ಎಷ್ಟು ದಿನ

ಒಂದು ಪದ್ಧತಿ ಹಿಡಿದರೆ ಕಡಿಮೆ ಎಂದರೂ ಎರಡು ತಿಂಗಳು ನಡೆಸಿ. ಮೊದಲ ಎರಡು ಮೂರು ವಾರ ಎಲ್ಲವೂ ನಿಧಾನವಾಗುತ್ತದೆ, ಅದನ್ನು ನೋಡಿ ಬಿಡಬೇಡಿ. ಅಳೆಯಲು ಎರಡೇ ಸಂಗತಿ ಸಾಕು. ಪ್ರತಿ ಕಾರ್ಡಿನ ಮೇಲೆ ಶುರುವಾದ ತಾರೀಖು, ಮುಗಿದ ತಾರೀಖು ಬರೆಯಿರಿ. ಹೊರಗೆ ಹೋದ ಮೇಲೆ ವಾಪಸ್ ಬಂದ ತಪ್ಪುಗಳನ್ನು ಎಣಿಸಿ. ದಿನಗಳು ಕಡಿಮೆಯಾಗಿ ತಪ್ಪುಗಳು ಜಾಸ್ತಿಯಾದರೆ ನೀವು ಓಡುತ್ತಿದ್ದೀರಿ, ಮುಗಿಸುತ್ತಿಲ್ಲ. ಆಗ ಎಕ್ಸ್‌ಪಿ ಕಡೆ ತಿರುಗಿ. ತಪ್ಪು ಕಡಿಮೆ, ದಿನ ಜಾಸ್ತಿ ಎಂದಾದರೆ ಬೋರ್ಡಿನ ಮಿತಿಯನ್ನು ಒಂದು ಇಳಿಸಿ ನೋಡಿ.

ಸ್ಕ್ರಮ್ ಮಾಸ್ಟರ್ ಸರ್ಟಿಫಿಕೇಟ್ ಬೇಕೇ ಎಂದು ಹುಡುಗರು ಕೇಳುತ್ತಲೇ ಇರುತ್ತಾರೆ. ಪುಣೆ, ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ಅದು ರೆಸ್ಯೂಮೆಯಲ್ಲಿ ಒಂದು ಸಾಲು, ಮಾಡಿಕೊಳ್ಳಲಿ. ಐದು ಜನರ ತಂಡಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಸೇಫ್ (SAFe) ಎಂಬಂಥ, ದೊಡ್ಡ ಕಂಪನಿಗಳಿಗಾಗಿ ಇರುವ ಪದ್ಧತಿಗಳ ಹೆಸರನ್ನೂ ಯಾರಾದರೂ ತಂದಾರು. ಅದರಲ್ಲಿ ಒಂದು ಗುಂಪು ಎಂದರೆ 50ರಿಂದ 125 ಜನ. ಅಷ್ಟು ಜನ ಆದಾಗ ನೋಡಿದರಾಯಿತು.